ಹೊಸ ಹಕ್ಕಿಯ ಪಂಜರ ಎಲ್ಲಿದೆ?

ಕಳೆದ ಮಳೆಗಾಲದಲ್ಲಿ ದಂಪತಿಗಳು ನಾಲ್ಕು ವರ್ಷದ ಕಾಕಟೀಲ್ ಎಂಬ ಜುಟ್ಟಿನ ಸಣ್ಣ ಗಿಳಿ ಜಾತಿಯ ಹಕ್ಕಿಯೊಂದನ್ನು ನನ್ನ ಚಿಕಿತ್ಸಾಲಯಕ್ಕೆ ತಂದಿದ್ದರು. ಮೈಗರಿಯನ್ನೆಲ್ಲ ಉಬ್ಬಿಸಿಕೊಂಡು ಅದು ಪಂಜರದ ತಳದಲ್ಲಿ ಕುಳಿತಿತ್ತು. ಹಿಕ್ಕೆಯಲ್ಲಿ ಬೆಳ್ಳಗಿರಬೇಕಾದ ಭಾಗ ಹಸಿರಾಗಿತ್ತು. ಮೂರು ವಾರಗಳ ಹಿಂದೆ ಅದಕ್ಕೊಂದು ಜೊತೆ ಇರಲೆಂದು ಅಂಗಡಿಯಿಂದ ಇನ್ನೊಂದನ್ನು ತಂದಿದ್ದರಂತೆ. "ಹೊಸದನ್ನು ಬೇರೆ ಪಂಜರದಲ್ಲೇ ಇಟ್ಟಿದ್ದೇವೆ ಡಾಕ್ಟ್ರೇ, ಅದು ಚೆನ್ನಾಗಿಯೇ ಇದೆ" ಎಂದರು. ವಿಚಾರಿಸಿದಾಗ ಎರಡು ಪಂಜರಗಳೂ ಒಂದೇ ಹಾಲ್‌ನಲ್ಲಿ, ಒಂದೇ ಫ್ಯಾನಿನ ಕೆಳಗಿದ್ದದ್ದು ತಿಳಿಯಿತು.

ಪಿಸಿಆರ್ ಪರೀಕ್ಷೆಯಲ್ಲಿ ಎರಡೂ ಹಕ್ಕಿಗಳಲ್ಲಿ ಕ್ಲಮೈಡಿಯಾ ಸಿಟ್ಟಾಸಿ ಎಂಬ ಬ್ಯಾಕ್ಟೀರಿಯಾ ಕಂಡುಬಂತು. ಗಿಳಿಜ್ವರವೆಂದು ಕರೆಯಲಾಗುವ ಈ ರೋಗ ಒಣಗಿದ ಹಿಕ್ಕೆ ಮತ್ತು ಮೂಗಿನ ಸ್ರಾವದ ಧೂಳಿನ ಮೂಲಕ ಗಾಳಿಯಲ್ಲಿ ಹರಡುತ್ತದೆ. ಮನುಷ್ಯರಿಗೂ ತಗುಲಿ ನ್ಯುಮೋನಿಯಾ ತರಬಲ್ಲದು. ಆ ಮನೆಯ ಅಜ್ಜಿಗೆ ಆಗಲೇ ಜ್ವರ, ಕೆಮ್ಮು ಇದ್ದುದರಿಂದ, ಮನೆಯಲ್ಲಿ ಹಕ್ಕಿಗಳಿವೆಯೆಂದು ವೈದ್ಯರಿಗೆ ತಪ್ಪದೆ ಹೇಳುವಂತೆ ಸೂಚಿಸಿದೆ. ಹಕ್ಕಿಗಳಿಗೆ 45 ದಿನ ಡಾಕ್ಸಿಸೈಕ್ಲಿನ್ ಕೊಡಬೇಕಾಯಿತು. ಕ್ಯಾಲ್ಸಿಯಂ ಈ ಔಷಧವನ್ನು ಮೈಗೆ ಹತ್ತಗೊಡುವುದಿಲ್ಲವಾದ್ದರಿಂದ ಪಂಜರದಲ್ಲಿದ್ದ, ಹಕ್ಕಿಗಳು ಕ್ಯಾಲ್ಸಿಯಂಗಾಗಿ ಕೊಕ್ಕಿನಿಂದ ಕೆರೆದು ತಿನ್ನುವ ಕಟಲ್‌ಬೋನನ್ನೂ ತೆಗೆಸಿದೆ.

ಬೇಟೆಗೆ ಸಿಕ್ಕುವ ಭಯದಲ್ಲೇ ಬದುಕುವ ಹಕ್ಕಿಗಳು ಕಾಯಿಲೆಯನ್ನು ಮುಚ್ಚಿಡುತ್ತವೆ. ಹೊಸದು ಹಾಡುತ್ತಿದೆ, ನವಣೆ ತಿನ್ನುತ್ತಿದೆ ಎಂಬ ಕಾರಣಕ್ಕೆ ಅದು ರೋಗಮುಕ್ತವೆಂದು ನಂಬಲಾಗದು. ಕೊಕ್ಕು, ಗರಿಗಳನ್ನು ವಿಕಾರಗೊಳಿಸುವ ಸರ್ಕೋವೈರಸ್ ಸೋಂಕು ತಿಂಗಳುಗಟ್ಟಲೆ ಯಾವ ಸುಳಿವೂ ಕೊಡದೆ ಇರಬಹುದು. ಆದ್ದರಿಂದ ಗಿಳಿ ಜಾತಿಯ ಹಕ್ಕಿಗಳನ್ನು ಎಷ್ಟು ದಿನ ಬೇರೆ ಇಟ್ಟರೂ ಸರ್ಕೋವೈರಸ್ ಪರೀಕ್ಷೆಯನ್ನು ಮಾಡಿಸಲೇಬೇಕೆಂಬುದು ನನ್ನ ನಿಲುವು.

ಕನಿಷ್ಠ 30 ದಿನ, ಸಾಧ್ಯವಾದರೆ 45 ದಿನ, ಬಾಗಿಲು ಮುಚ್ಚಿಡಬಹುದಾದ ಬೇರೆ ಕೋಣೆಯಲ್ಲಿ ಹೊಸ ಹಕ್ಕಿಯನ್ನು ಇಡಬೇಕು. ಒಂದೇ ಕೋಣೆಯ ಮನೆಯವರು ಆ ಅವಧಿಗೆ ಹಕ್ಕಿಯಿಲ್ಲದ ಬಂಧುಗಳ ಮನೆಯಲ್ಲಿ ಬಿಡುವುದೇ ಲೇಸು. ಮನೆಯ ಹಳೆಯ ಹಕ್ಕಿಗಳಿಗೆ ಮೊದಲು ನೀರು, ಕಾಳು ಹಾಕಿ, ಹೊಸದರ ಕೆಲಸವನ್ನು ಕೊನೆಗೆ ಮಾಡಿ, ಕೈ ತೊಳೆದು ಅಂಗಿ ಬದಲಿಸಬೇಕು; ಬಟ್ಟಲು, ಬ್ರಷ್ಷುಗಳೂ ಬೇರೆಯಾಗಿರಬೇಕು. ನನ್ನ ಅನುಭವದಲ್ಲಿ ಜನ ಎಡವುವುದು ಇಲ್ಲಿಯೇ. ಕೋಣೆ ಬೇರೆಯಿರುತ್ತದೆ, ಪೊರಕೆ ಒಂದೇ ಇರುತ್ತದೆ.

ಆ ದಿನಗಳಲ್ಲಿ ತೂಕದಷ್ಟು ನಂಬಿಕಸ್ಥ ಸೂಚನೆ ಮತ್ತೊಂದಿಲ್ಲ. ನಮ್ಮಲ್ಲಿ ಲವ್ ಬರ್ಡ್ಸ್ ಎಂದೇ ಮಾರುವ ಬಜರಿಗರ್ ಹಕ್ಕಿ ಸಾಮಾನ್ಯವಾಗಿ 30ರಿಂದ 40 ಗ್ರಾಂ ತೂಗುತ್ತದೆ. ಮೂರು ನಾಲ್ಕು ಗ್ರಾಂ ಇಳಿದರೂ ಅದು ಅದರ ಮೈಯ ಹತ್ತನೇ ಒಂದು ಪಾಲು, ಮತ್ತು ಗರಿ ಹೊದ್ದ ಮೈಯಲ್ಲಿ ಕಣ್ಣಿಗೆ ಅದು ಕಾಣುವುದೇ ಇಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಸಣ್ಣ ಡಬ್ಬವಿಟ್ಟು, ಬೆಳಗ್ಗೆ ಕಾಳು ಹಾಕುವ ಮುನ್ನ ತೂಗಿ ಬರೆದಿಡಿ. ಕಾಳು ಚೆನ್ನಾಗಿ ತಿನ್ನುತ್ತಿದ್ದರೂ ತೂಕ ಇಳಿಯುತ್ತಿದ್ದರೆ, ಹಿಕ್ಕೆಯಲ್ಲಿ ಇಡಿ ಕಾಳು ಕಾಣಿಸಿದರೆ, ಜಠರದ ಯೀಸ್ಟ್ ಸೋಂಕನ್ನು ಶಂಕಿಸಬೇಕಾಗುತ್ತದೆ.

ಪಂಜರವನ್ನು ಗುಡಿಸುವ ಮುನ್ನ ಹಿಕ್ಕೆಯ ಮೇಲೆ ನೀರು ಚಿಮುಕಿಸಿ, ಧೂಳು ಏಳದಿರಲಿ. ಮೊದಲು ಸೋಪಿನಿಂದ ತೊಳೆದು ಬಳಿಕ ಬ್ಲೀಚ್ ದ್ರಾವಣ ಹಚ್ಚಿ. ಕೊಳೆಯ ಮೇಲೆ ಸುರಿದ ಬ್ಲೀಚ್ ಕೆಲಸ ಮಾಡದು. ಅದರ ಹಬೆ ಹಕ್ಕಿಗಳ ಉಸಿರಾಟಕ್ಕೆ ಅಪಾಯವಾದ್ದರಿಂದ ಈ ಕೆಲಸವನ್ನು ಹೊರಗೆ ಮಾಡಿ, ಚೆನ್ನಾಗಿ ತೊಳೆದು, ಬಿಸಿಲಿನಲ್ಲಿ ಒಣಗಿಸಿದ ಮೇಲಷ್ಟೇ ಹಕ್ಕಿಯನ್ನು ಒಳಗೆ ಬಿಡಿ.