ಟಾಲರೆನ್ಸ್ ಹಂಚಿಕೆ: ಮೈಕ್ರಾನಿನ ಲೆಕ್ಕ ರೂಪಾಯಿಯ ಲೆಕ್ಕವಾದ ಬಗೆ

25 ಮಿ.ಮೀ. ಶಾಫ್ಟ್‌ಗೆ ಡ್ರಾಯಿಂಗಿನಲ್ಲಿ ಐಟಿ 7 ಎಂಬ ನಿಖರತೆಯ ದರ್ಜೆ ಕೊಟ್ಟರೆ ವರ್ಕ್‌ಶಾಪಿಗೆ ಸಿಗುವ ಟಾಲರೆನ್ಸ್, ಅಂದರೆ ಅಳತೆ ಹೆಚ್ಚುಕಡಿಮೆಯಾಗಲು ಬಿಡುವ ಅವಕಾಶ, 21 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಐಟಿ 6 ಆದರೆ 13. ಅಂಕಿಯೊಂದು ಬದಲಾದದ್ದಕ್ಕೆ, ಲೇತಿನಲ್ಲೇ ಮುಗಿಯಬಹುದಾಗಿದ್ದ ಜಾಬ್ ಗ್ರೈಂಡಿಂಗಿಗೆ ಹೋಗುತ್ತದೆ.

18ನೇ ಶತಮಾನದ ಕೊನೆಗೆ ಫ್ರಾನ್ಸಿನ ಬಂದೂಕು ತಯಾರಿಕೆಯಲ್ಲಿ ಅದಲುಬದಲು ಮಾಡಬಲ್ಲ ಬಿಡಿಭಾಗಗಳು ಬಂದವು, 1905ರಲ್ಲಿ ಇಂಗ್ಲೆಂಡಿನ ವಿಲಿಯಂ ಟೇಲರ್ ಗೋ–ನೋಗೋ ಗೇಜಿಗೆ (ಒಂದು ತುದಿ ಹೊಂದಬೇಕು, ಇನ್ನೊಂದು ಹೊಂದಬಾರದು ಎಂದು ಭಾಗವನ್ನು ಪರೀಕ್ಷಿಸುವ ಸಾಧನ) ತತ್ವ ಕೊಟ್ಟರು, ಮುಂದೆ ಐಟಿ 6, ಐಟಿ 7ರಂಥ ಐಎಸ್‌ಒ ದರ್ಜೆಗಳು ಬಂದವು. ಇವೆಲ್ಲ ಒಂದೊಂದು ಭಾಗ ಪಾಸೋ ಫೇಲೋ ಎಂದು ಹೇಳಿದವು. ನಾಲ್ಕು ಭಾಗ ಕೂಡಿಸಿದಾಗ ಉಳಿಯುವ ಗ್ಯಾಪನ್ನು ಅವುಗಳಿಗೆ ಹಂಚುವುದು ಹೇಗೆಂದು ಹೇಳಲಿಲ್ಲ.

ಹೌಸಿಂಗಿನ ಆಳ, ಗೇರಿನ ಅಗಲ, ಎರಡು ಸ್ಪೇಸರ್: ನಾಲ್ಕು ಅಳತೆ. ಆಳದಿಂದ ಉಳಿದ ಮೂರನ್ನು ಕಳೆದರೆ ಸಿಗುವ ಗ್ಯಾಪ್ ±0.20 ಮಿ.ಮೀ. ಒಳಗಿರಬೇಕು. ಎಲ್ಲವೂ ಒಟ್ಟಿಗೆ ಕೆಟ್ಟರೂ ಕೂಡಬೇಕು ಎಂಬ ಹಳೆಯ ಲೆಕ್ಕದಲ್ಲಿ ತಲಾ ±0.05. 1920ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಶೆವಾರ್ಟ್ ಸಂಖ್ಯಾಶಾಸ್ತ್ರವನ್ನು ಕಾರ್ಖಾನೆಗೆ ತಂದ ಮೇಲೆ ಎಲ್ಲವೂ ಒಟ್ಟಿಗೆ ಕೆಡುವುದು ಅಪರೂಪ ಎಂದು, ಟಾಲರೆನ್ಸ್‌ಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯುವ ಲೆಕ್ಕ ಬಳಕೆಗೆ ಬಂತು. ಅದರಲ್ಲಿ ತಲಾ ±0.10, ನೇರ ದುಪ್ಪಟ್ಟು.

ಖರ್ಚು ಸಮೀಕರಣದೊಳಗೆ ಬಂದದ್ದು ಮುಖ್ಯವಾಗಿ 1970ರ ದಶಕದಲ್ಲಿ. ಟಾಲರೆನ್ಸ್ ಅರ್ಧವಾದರೆ ಅದಕ್ಕೆ ತಗಲುವ ಖರ್ಚು ದುಪ್ಪಟ್ಟು ಎಂಬುದು ಅದರ ಸರಳ ರೂಪ: ಆ ಭಾಗದ ಒಂದು ಗುಣಾಂಕವನ್ನು ಟಾಲರೆನ್ಸ್‌ನಿಂದ ಭಾಗಿಸಿದರೆ ಖರ್ಚು. ಹೌಸಿಂಗ್ ಬೋರಿಂಗಿನ ಖರ್ಚಿನ ಗುಣಾಂಕ 8, ಉಳಿದವುಗಳದು ತಲಾ 1 ಎನ್ನೋಣ. ಕನಿಷ್ಠ ಖರ್ಚಿಗೆ ಟಾಲರೆನ್ಸ್ ಆ ಗುಣಾಂಕದ ಘನಮೂಲಕ್ಕೆ ಅನುಪಾತದಲ್ಲಿರಬೇಕು, ಅಂದರೆ ಹೌಸಿಂಗಿಗೆ ಉಳಿದವುಗಳ ಎರಡರಷ್ಟು. ಹೌಸಿಂಗ್ ±0.15, ಉಳಿದ ಮೂರು ±0.075. ಸಮ ಹಂಚಿಕೆಯಲ್ಲಿ 110 ಇದ್ದ ಟಾಲರೆನ್ಸ್ ಖರ್ಚು 93ಕ್ಕೆ ಇಳಿಯುತ್ತದೆ, ಗ್ಯಾಪ್ ಮಾತ್ರ ಹಾಗೇ ಉಳಿಯುತ್ತದೆ. ಇಷ್ಟು ಸುಲಭದ ಉಳಿತಾಯ ಇಂದಿಗೂ ಹೆಚ್ಚಿನ ಡ್ರಾಯಿಂಗುಗಳಲ್ಲಿ ಕಾಣದಿರುವುದು ಬೇಸರದ ಸಂಗತಿ.

ಕಾರಣವಿದೆ. ಈ ಲೆಕ್ಕಕ್ಕೆ ಅಳತೆಗಳ ಸರಾಸರಿ ನಡುಮಧ್ಯದಲ್ಲಿರಬೇಕು, ವರ್ಕ್‌ಶಾಪಿನಲ್ಲಿ ಹಾಗಿರುವುದಿಲ್ಲ. ಲೋಹ ಉಳಿದಿದ್ದರೆ ರೀವರ್ಕ್ ಮಾಡಬಹುದು, ಹೆಚ್ಚು ಕತ್ತರಿಸಿದರೆ ಸ್ಕ್ರ್ಯಾಪ್. ಆದ್ದರಿಂದ ಅನುಭವಿ ಆಪರೇಟರ್ ಸ್ಪೇಸರನ್ನು ಮೇಲಿನ ಮಿತಿಯತ್ತ, ಹೌಸಿಂಗಿನ ಆಳವನ್ನು ಕೆಳಗಿನ ಮಿತಿಯತ್ತ ಇಡುತ್ತಾನೆ. ಅವನ ಮಟ್ಟಿಗೆ ಅದು ಜಾಣತನವೇ. ಆದರೆ ನಾಲ್ಕೂ ಅಳತೆ ತಲಾ 0.05 ಹೀಗೆ ಸರಿದರೆ ಗ್ಯಾಪಿನ ಸರಾಸರಿ 0.20 ಕುಗ್ಗಿ ಕೆಳಗಿನ ಮಿತಿಯ ಮೇಲೇ ಕೂರುತ್ತದೆ. ಒಂದೂ ಬಿಡಿಭಾಗ ಇನ್‌ಸ್ಪೆಕ್ಷನ್‌ನಲ್ಲಿ ಫೇಲಾಗದೆ, ಸುಮಾರು ಅರ್ಧದಷ್ಟು ಅಸೆಂಬ್ಲಿ ಬಿಗಿಯಾಗುತ್ತವೆ. 1980ರ ದಶಕದಲ್ಲಿ ಮೊಟೊರೊಲಾದ ಸಿಕ್ಸ್ ಸಿಗ್ಮಾ ಎಂಬ ಗುಣಮಟ್ಟದ ಪದ್ಧತಿ ಸರಾಸರಿ ಹೀಗೆ 1.5 ಸಿಗ್ಮಾದಷ್ಟು (ಸಿಗ್ಮಾ ಎಂದರೆ ಅಳತೆಗಳ ಚದುರುವಿಕೆಯ ಮಾನ) ಸರಿಯುವುದನ್ನು ಲೆಕ್ಕಕ್ಕೆ ಸೇರಿಸಿತು. ಅಸೆಂಬ್ಲಿ ಬಿಗಿಯಾದಾಗ ಎಲ್ಲ ಟಾಲರೆನ್ಸನ್ನೂ ಇನ್ನಷ್ಟು ಕಿರಿದು ಮಾಡುವ ರೂಢಿ ಮಾತ್ರ ಹೋಗಿಲ್ಲ. ಸ್ಪೇಸರಿನ ಮೂಲ ಅಳತೆಯನ್ನೇ ಬದಲಿಸಿದರೆ ಖರ್ಚಿಲ್ಲದೆ ಸರಿಹೋಗುವುದುಂಟು.

ಇನ್ನೊಂದು ಕೊರತೆ ಗುಣಾಂಕದ್ದು. ವಿನ್ಯಾಸದ ಮೇಜಿನಲ್ಲಿ ಡ್ರಾಯಿಂಗ್ ಇರುತ್ತದೆ, ಖರೀದಿ ವಿಭಾಗದಲ್ಲಿ ದರ ಇರುತ್ತದೆ, ಎರಡೂ ಒಂದೆಡೆ ಸೇರುವುದು ಅಪರೂಪ. ಪೀಣ್ಯದಂಥ ಕಡೆ ಜಾಬ್‌ವರ್ಕ್ ಕೊಡುವವರಿಗೆ ಗುಣಾಂಕ ಪಡೆಯುವುದು ಕಷ್ಟವಲ್ಲ: ಅದೇ ಭಾಗಕ್ಕೆ ±0.05, ±0.10, ±0.15 ಎಂದು ಮೂರು ದರ ಕೇಳಬೇಕು. ಮೊದಲೆರಡರ ವ್ಯತ್ಯಾಸವನ್ನು 10ರಿಂದ ಭಾಗಿಸಿದರೆ ಗುಣಾಂಕ. ಮೂರನೇ ದರ ಆ ವ್ಯತ್ಯಾಸದ ಸುಮಾರು ಮೂರನೇ ಒಂದು ಭಾಗದಷ್ಟು ಇನ್ನೂ ಇಳಿದರೆ ಸೂತ್ರ ಹೊಂದುತ್ತದೆ. ಏನೂ ಇಳಿಯದಿದ್ದರೆ ±0.10ಕ್ಕೂ ±0.15ಕ್ಕೂ ಅವರು ಬಳಸುವುದು ಬಹುಶಃ ಅದೇ ಯಂತ್ರ, ಅದೇ ಸೆಟಪ್. ಆಗ ಆ ಭಾಗಕ್ಕೆ ±0.10 ಇರಲಿ, ಉಳಿದ ಅವಕಾಶವನ್ನು ಬೇರೆ ಭಾಗಕ್ಕೆ ಕೊಡಿ.