ಪಾಸ್‌ವರ್ಡಿಗೆ ಆಯಸ್ಸು ಬರೆದವರು

ಲಾಗಿನ್ ಆದ ಮೇಲೂ ಒಳಗೆ ಬಿಡದೆ ‘ಪಾಸ್‌ವರ್ಡ್ ಅವಧಿ ಮುಗಿದಿದೆ, ಬದಲಿಸಿ’ ಎಂಬ ಪುಟ ಅಡ್ಡ ನಿಲ್ಲುತ್ತದೆ. ಬಹಳಷ್ಟು ಜನ ಆಗ ಮಾಡುವುದೊಂದೇ: ಕೊನೆಯ 3 ಅಳಿಸಿ 4 ಒತ್ತುವುದು.

ಈ ನಿಯಮಕ್ಕೆ ಮೊದಲು ಒಂದು ಲೆಕ್ಕವಿತ್ತು. ಕಳ್ಳ ನಿಮಿಷಕ್ಕೆ ಎಷ್ಟು ಪಾಸ್‌ವರ್ಡ್ ಊಹಿಸಿ ನೋಡಬಲ್ಲ, ಒಟ್ಟು ಎಷ್ಟು ಸಾಧ್ಯ ಎಂದು ಅಳೆದು, ಅವನು ಗುರಿ ಮುಟ್ಟುವ ಮೊದಲೇ ಬದಲಿಸಿ ಎಂದಿತು 1985ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಹೊರಡಿಸಿದ ಮಾರ್ಗಸೂಚಿ. ಹೆಚ್ಚೆಂದರೆ ಒಂದು ವರ್ಷ. ಆದರೆ ಅದು ಯಂತ್ರವೇ ಹುಟ್ಟಿಸಿದ ಪಾಸ್‌ವರ್ಡನ್ನು ನಂಬಿ ಹಾಕಿದ ಲೆಕ್ಕ. ಮನುಷ್ಯ ತಾನೇ ಆರಿಸಿದರೆ ಹೊಸದು ಹಳೆಯದರ ತಮ್ಮನೇ ಆಗಿರುತ್ತದೆ. ಈ ಷರತ್ತು ಮರೆತುಹೋಯಿತು, ಗಡುವು ಮಾತ್ರ ಉಳಿಯಿತು. ಅದೂ 90 ದಿನಕ್ಕೆ ಕುಗ್ಗಿ ಕಚೇರಿಯಿಂದ ಕಚೇರಿಗೆ ಹಬ್ಬಿತು.

2010ರಲ್ಲಿ ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು, ಮೂರು ತಿಂಗಳಿಗೊಮ್ಮೆ ಬದಲಾವಣೆ ಕಡ್ಡಾಯವಿದ್ದ 7,700ಕ್ಕೂ ಹೆಚ್ಚು ಹಳೆಯ ಖಾತೆಗಳನ್ನು ಕೆದಕಿದರು. ಹಿಂದಿನ ಪಾಸ್‌ವರ್ಡ್ ಗೊತ್ತಿದ್ದರೆ ಸಾಕು, ನೂರಕ್ಕೆ 17 ಖಾತೆಗಳ ಮುಂದಿನದು ಐದು ಊಹೆಯೊಳಗೇ ಸಿಕ್ಕಿತು. ಕದ್ದ ಹ್ಯಾಶ್ (ಪಾಸ್‌ವರ್ಡಿನ ಬದಲು ಸರ್ವರ್ ಉಳಿಸಿಕೊಳ್ಳುವ, ಹಿಂದಕ್ಕೆ ತಿರುಗಿಸಲಾಗದ ಗುರುತು) ಕೈಯಲ್ಲಿದ್ದರಂತೂ ನೂರಕ್ಕೆ 41 ಕೆಲವೇ ಸೆಕೆಂಡಿನಲ್ಲಿ ಬಿದ್ದವು.

ವೆಬ್ ಆ್ಯಪ್ ಬರೆಯುವವರಿಗೆ ಇದರ ಕಿರಿಕಿರಿಯೇ ಬೇರೆ. ಕೊನೆಯ ಬದಲಾವಣೆಯ ದಿನಾಂಕವನ್ನು ಲಾಗಿನ್ ಪುಟದಲ್ಲಷ್ಟೇ ನೋಡಿದರೆ ಸಾಲದು. ಬಳಕೆದಾರ ಬೇರೊಂದು ಯುಆರ್‌ಎಲ್ ಟೈಪ್ ಮಾಡಿ ನುಸುಳುತ್ತಾನೆ. ಹಾಗಾಗಿ ಬ್ರೌಸರ್ ಪುಟ ಕೇಳುವ ಪ್ರತಿ ರಿಕ್ವೆಸ್ಟ್‌ನಲ್ಲೂ ತಡೆಯಬೇಕು, ಬದಲಾವಣೆಯ ಪುಟ ಮತ್ತು ಲಾಗೌಟ್ ಎರಡನ್ನು ಬಿಟ್ಟು. ಅವೆರಡನ್ನೂ ತಡೆದರೆ ಪುಟ ತನ್ನ ಸುತ್ತಲೇ ಗಿರಕಿ ಹೊಡೆಯುತ್ತದೆ. ಹಳೆಯ ಪಾಸ್‌ವರ್ಡ್‌ಗಳು ಹ್ಯಾಶ್ ರೂಪದಲ್ಲಿರುವುದರಿಂದ ಥೇಟ್ ಅದನ್ನೇ ಮತ್ತೆ ಇಟ್ಟರೆ ಮಾತ್ರ ಹಿಡಿಯಬಹುದು. 3 ಹೋಗಿ 4 ಬಂದದ್ದು ಗೊತ್ತಾಗಬೇಕಾದರೆ, ಈಗಿನ ಪಾಸ್‌ವರ್ಡನ್ನೂ ಅದೇ ಫಾರ್ಮ್‌ನಲ್ಲಿ ಕೇಳಿ ಹೋಲಿಸುವುದು ಸುಲಭದ ದಾರಿ.

2017ರಲ್ಲಿ ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ ಈ ಗಡುವು ಬೇಡವೆಂದು ಸಲಹೆ ಕೊಟ್ಟಿತು. 2019ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್‌ನ ತನ್ನ ಭದ್ರತಾ ಶಿಫಾರಸುಗಳಿಂದ ಇದನ್ನು ಕೈಬಿಟ್ಟಿತು. 2025ರಲ್ಲಿ ಎನ್‌ಐಎಸ್‌ಟಿಯ ಸಲಹೆ ಕಡ್ಡಾಯದ ಮಾತಾಯಿತು: ದಿನ ಎಣಿಸಿ ‘ಬದಲಿಸಿ’ ಎಂದು ಒತ್ತಾಯಿಸುವಂತಿಲ್ಲ, ಸೋರಿಕೆಯಾದ ಸುಳಿವಿದ್ದರೆ ಮಾತ್ರ ಬದಲಿಸಲೇಬೇಕು. ಅಂದರೆ ಆ ಅಡ್ಡಪುಟದ ಕೋಡ್ ಅಳಿಸಬೇಕಿಲ್ಲ. ಅದನ್ನು ಎಬ್ಬಿಸುವ ಕಾರಣವಷ್ಟೇ ಬೇರೆ. ಕಾರ್ಡ್ ವ್ಯವಹಾರದ ಪಿಸಿಐ ಮಾನದಂಡದಲ್ಲಿ ಮಾತ್ರ, ಪಾಸ್‌ವರ್ಡೊಂದನ್ನೇ ನೆಚ್ಚಿಕೊಂಡ ಲಾಗಿನ್‌ಗಳಿಗೆ 90 ದಿನದ ಸಾಲು ಇನ್ನೂ ಇದೆ. ಖಾತೆಯ ಮೇಲೆ ಸದಾ ಕಣ್ಣಿಡುವ ವ್ಯವಸ್ಥೆ ಇದ್ದರೆ ಅಲ್ಲೂ ವಿನಾಯಿತಿ.