ತಡವಾಗಿ ಅತ್ತ ಮಗು

ದಾವಣಗೆರೆಯ ಮಕ್ಕಳ ಆಸ್ಪತ್ರೆಗಳ ಹೊರಗೆ ಕೂತ ಅಜ್ಜಿಯರ ಮಾತು ಹೆಚ್ಚುಕಡಿಮೆ ಒಂದೇ: "ಹುಟ್ಟಿದ ಕೂಡ್ಲೇ ಅಳ್ಳಿಲ್ಲ, ಅದ್ಕೇ ಪೆಟ್ಟಿಗ್ಯಾಗೆ ಇಟ್ಟಾರೆ." ಜಗಳೂರು, ಚನ್ನಗಿರಿ, ಪಕ್ಕದ ಜಿಲ್ಲೆಯ ಮೊಳಕಾಲ್ಮೂರು ಕಡೆಯಿಂದ ಆಂಬುಲೆನ್ಸಿನಲ್ಲಿ ಬಂದ ಕೂಸುಗಳು. ಚೀಟಿಯಲ್ಲಿ 'ಎಚ್‌ಐಇ' ಎಂದಿರುತ್ತದೆ. ಹೆರಿಗೆಯ ಹೊತ್ತಿನಲ್ಲಿ ರಕ್ತ, ಆಮ್ಲಜನಕ ಸಾಲದೆ ಮಿದುಳಿಗೆ ಬಿದ್ದ ಪೆಟ್ಟು ಅದು. ಅಜ್ಜಿಯ ಲೆಕ್ಕದಲ್ಲಿ ಅಳದಿದ್ದದ್ದೇ ಕಾರಣ. ಬಹಳ ಸಲ ಪೆಟ್ಟು ಮೊದಲೇ ಬಿದ್ದಿರುತ್ತದೆ, ಅದಕ್ಕೇ ಮಗು ಅಳುವುದಿಲ್ಲ.

ಮಿದುಳಿನ ಜೀವಕೋಶದಲ್ಲಿ ಶಕ್ತಿಯ ದಾಸ್ತಾನು ತೀರಾ ಕಡಿಮೆ. ಆಮ್ಲಜನಕ ತಪ್ಪಿದ ಕೆಲವೇ ನಿಮಿಷಗಳಲ್ಲಿ ಅದು ಖಾಲಿ. ಕರೆಂಟ್ ಹೋದಾಗ ಬೋರ್‌ವೆಲ್ ಮೋಟಾರು ನಿಂತಂತೆ, ಸೋಡಿಯಂ ಅನ್ನು ಹೊರಹಾಕುವ ಕೋಶದ ಪಂಪು ನಿಲ್ಲುತ್ತದೆ. ಸೋಡಿಯಂ ಒಳನುಗ್ಗುತ್ತದೆ, ಅದರ ಬೆನ್ನಿಗೇ ನೀರು, ಕೋಶ ಊದಿಕೊಳ್ಳುತ್ತದೆ. ಕೋಶದಿಂದ ಕೋಶಕ್ಕೆ ಸಂದೇಶ ಒಯ್ಯುವ ಗ್ಲುಟಮೇಟ್ ಎಂಬ ರಾಸಾಯನಿಕ ಚೆಲ್ಲಿ ಕ್ಯಾಲ್ಸಿಯಂಗೆ ಬಾಗಿಲು ತೆರೆಯುತ್ತದೆ. ಒಂದಷ್ಟು ಕೋಶಗಳು ಆಗಲೇ ಸಾಯುತ್ತವೆ. ಮಗುವಿಗೆ ಉಸಿರು ಬಂದು, ಮೈಬಣ್ಣ ತಿರುಗಿ, ಮನೆಯವರು ನಿಟ್ಟುಸಿರು ಬಿಟ್ಟ ಮೇಲೂ ಅಪಾಯ ದಾಟಿರುವುದಿಲ್ಲ. ಚೇತರಿಸಿಕೊಂಡಂತೆ ಕಂಡ ಕೋಶಗಳು ಹಲವು ಗಂಟೆಗಳ ನಂತರ ಮತ್ತೆ ಶಕ್ತಿ ಕಳೆದುಕೊಳ್ಳುತ್ತವೆ. ಫಿಟ್ಸ್ ಹೆಚ್ಚಾಗಿ ಶುರುವಾಗುವುದು ಮೊದಲ ದಿನವೇ.

ನಡುವಿನ ಆ ಬಿಡುವನ್ನೇ ವಿಜ್ಞಾನಿಗಳು ಹಿಡಿದುಕೊಂಡರು. ಹುಟ್ಟಿದ 6 ಗಂಟೆಯೊಳಗೆ ಮಗುವಿನ ಮೈಯನ್ನು 33–34 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ 72 ಗಂಟೆ ಅಲ್ಲೇ ಹಿಡಿದಿಡುವ ಚಿಕಿತ್ಸೆ ಬಂತು. ಕೂಸನ್ನು ಬೆಚ್ಚಗೆ ಸುತ್ತಿಡಬೇಕೆಂದು ಪಟ್ಟು ಹಿಡಿಯುವ ನಮ್ಮ ಬಾಣಂತನಕ್ಕೆ ಇದು ವಿಚಿತ್ರವೇ. (ಬೇರೆಲ್ಲ ಮಕ್ಕಳಿಗೆ ಅಜ್ಜಿಯ ಪಟ್ಟೇ ಸರಿ, ತಣ್ಣಗಾಗಿಸುವುದು ಐಸಿಯುನವರ ಕೆಲಸ, ಮನೆಯವರದ್ದಲ್ಲ.) 2005ರಿಂದ ಪ್ರಕಟವಾದ ಶ್ರೀಮಂತ ದೇಶಗಳ ಪ್ರಯೋಗಗಳಲ್ಲಿ ಸಾವೂ ಅಂಗವೈಕಲ್ಯವೂ ತಗ್ಗಿದವು.

ಹಾಗಾದರೆ ಇಲ್ಲಿಗೂ ತರಿಸಿದರಾಯಿತಲ್ಲ ಎಂದರೆ, ಉತ್ತರ ಅಷ್ಟು ಸಲೀಸಲ್ಲ. ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 408 ಶಿಶುಗಳ ಮೇಲೆ ನಡೆದ 'ಹೆಲಿಕ್ಸ್' ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ತಂಪು ಚಿಕಿತ್ಸೆ ಲಾಭ ಕೊಡಲಿಲ್ಲ. ಅಷ್ಟೇ ಅಲ್ಲ, ತಂಪು ಪಡೆದ ಗುಂಪಿನಲ್ಲೇ ಸಾವು ಹೆಚ್ಚಿತ್ತು. ಈ ಮಕ್ಕಳ ಸ್ಕ್ಯಾನಿನಲ್ಲಿ ಮಿದುಳಿನ ಬಿಳಿಭಾಗದ (ನರತಂತುಗಳಿರುವ ಭಾಗದ) ಹಾನಿಯೇ ಎದ್ದು ಕಂಡಿತು. ಪೆಟ್ಟು ಒಮ್ಮೆಲೇ ಬಿದ್ದದ್ದಲ್ಲ, ಹೆರಿಗೆಗೆ ಮೊದಲೇ ಶುರುವಾಗಿ ಎಳೆದಾಡಿದ್ದು ಎಂಬುದು ಸಂಶೋಧಕರ ಊಹೆ. ಹಾಗಿದ್ದರೆ ಆರು ಗಂಟೆಯ ಗಡಿಯಾರ ಮಗು ಹುಟ್ಟುವಷ್ಟರಲ್ಲೇ ಓಡಿಬಿಟ್ಟಿರುತ್ತದೆ. ಲಕ್ಷಗಟ್ಟಲೆ ಬೆಲೆಯ ತಂಪು ಯಂತ್ರಕ್ಕಿಂತ ಹೆರಿಗೆ ಕೋಣೆಯ ಕಡೆಗೇ ನಾವು ನೋಡಬೇಕೆಂದು ನನಗನ್ನಿಸುವುದು ಇದಕ್ಕೇ.

ಅಲ್ಲಿ ನಡೆಯುವುದನ್ನು ಗಮನಿಸಿ. ಪ್ರತಿ ನೋವಿಗೂ ಗರ್ಭಕೋಶ ಬಿಗಿಯುತ್ತದೆ, ಮಾಸಿಗೆ ಹೋಗುವ ರಕ್ತ ತಗ್ಗುತ್ತದೆ. ಎರಡು ನೋವುಗಳ ನಡುವೆ ಮಗು ಸುಧಾರಿಸಿಕೊಳ್ಳುತ್ತದೆ. "ಬೇಗ ಆಗ್ಲಿ, ನೋವು ಬರೋ ಇಂಜೆಕ್ಷನ್ ಹಾಕ್ಬಿಡಿ ಸಿಸ್ಟರ್" ಎಂದು ನೆಂಟರು ಅವಸರಪಡಿಸಿ, ಹೆರಿಗೆ ನೋವು ಹೆಚ್ಚಿಸುವ ಆಕ್ಸಿಟೋಸಿನ್ ಅನ್ನು ಅಳತೆಯಿಲ್ಲದೆ ಕೊಟ್ಟರೆ ಆ ಬಿಡುವೇ ಕರಗಿಹೋಗುತ್ತದೆ. ಅದು ಒಳ್ಳೆಯ ಔಷಧವೇ, ಆದರೆ ಹನಿ ಎಣಿಸಿ, ಮಗುವಿನ ಎದೆಬಡಿತ ಕೇಳುತ್ತಾ ಕೊಡಬೇಕಾದದ್ದು. ಬಡಿತ ನಿಮಿಷಕ್ಕೆ 110ರಿಂದ 160 ಇರಬೇಕು. ತಾಯಿ ಮಗುವನ್ನು ಹೊರತಳ್ಳಲು ತಿಣುಕುವ ಹಂತದಲ್ಲಿ ಐದೈದು ನಿಮಿಷಕ್ಕೊಮ್ಮೆ ಕೇಳಬೇಕು.

ಇಷ್ಟಾದರೂ ಕೆಲವು ಮಕ್ಕಳು ಅಳದೆ ಹುಟ್ಟುತ್ತವೆ. ಸಿನಿಮಾದಲ್ಲಿ ತೋರಿಸುವಂತೆ ತಲೆಕೆಳಗಾಗಿ ಹಿಡಿದು ಬಡಿಯುವುದು ತಪ್ಪು. ಒರೆಸಿ, ಬೆಚ್ಚಗಿಟ್ಟು, ಬೆನ್ನು ತಿಕ್ಕಿದರೂ ಉಸಿರಾಡದಿದ್ದರೆ ಮೊದಲ ನಿಮಿಷದೊಳಗೇ ಬ್ಯಾಗು-ಮಾಸ್ಕಿನಿಂದ ಗಾಳಿ ಕೊಡಲು ಶುರುಮಾಡಬೇಕು. ಅದೂ ಬರೀ ಗಾಳಿ! ಶುದ್ಧ ಆಮ್ಲಜನಕವೇ ಬೇಕೆಂದು ದಶಕಗಳ ಕಾಲ ನಂಬಲಾಗಿತ್ತು. ಮಕ್ಕಳ ವೈದ್ಯರಾದ ದೆಹಲಿಯ ಸಿದ್ಧಾರ್ಥ ರಾಮ್‌ಜಿ ಮತ್ತು ನಾರ್ವೆಯ ಓಲಾ ಸೌಗ್‌ಸ್ಟಾಡ್ ಜೊತೆಗೂಡಿ 1993ರಲ್ಲಿ ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ಅಲುಗಾಡಿಸಿತು. 2010ರ ಹೊತ್ತಿಗೆ ದಿನ ತುಂಬಿ ಹುಟ್ಟಿದ ಮಗುವಿಗೆ ಕೋಣೆಯ ಗಾಳಿಯಿಂದಲೇ ಆರಂಭಿಸಿ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಬದಲಾಯಿತು. ತಾಲೂಕು ಆಸ್ಪತ್ರೆಯಲ್ಲಿ ಸಿಲಿಂಡರ್ ಖಾಲಿಯಿದೆ ಎಂದು ಆ ನಿಮಿಷ ಕಾಯಬೇಕಿಲ್ಲ. ಎಳೆ ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕು ಬೇಕು, ಹೆರಿಗೆಗೆ ಮುಂಚೆಯೇ ಬ್ಯಾಗು ಒತ್ತಿ ನೋಡಿಟ್ಟುಕೊಂಡ ನರ್ಸು ಬೇಕು.